ಹೊಟ್ಟೆ ಗುರ್ ಅನ್ನುವುದು ಕಸ ಗುಡಿಸುವ ಸದ್ದು

ಆಯುರ್ವೇದ ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದೇ 'ಯಾವ ಚೂರ್ಣ ತಗೊಳ್ಳಲಿ?' ಅಂತ. ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಚರಕ ಸಂಹಿತೆಯ ವಿಮಾನಸ್ಥಾನ ಎಂಬ ಭಾಗದ ಮೊದಲ ಅಧ್ಯಾಯದಲ್ಲಿ ಕಾಸು ಖರ್ಚಿಲ್ಲದ ಮಾತೊಂದಿದೆ: 'ಜೀರ್ಣೇ ಅಶ್ನೀಯಾತ್'. ಹಿಂದೆ ತಿಂದದ್ದು ಅರಗಿದ ಮೇಲೆ ಉಣ್ಣು, ಅಷ್ಟೇ. ಅರಗುವ ಮೊದಲೇ ಮತ್ತೆ ತಿನ್ನುವುದಕ್ಕೆ 'ಅಧ್ಯಶನ' ಅಂತ ಬೇರೆ ಹೆಸರನ್ನೇ ಇಟ್ಟಿದ್ದಾರೆ.

ವಾತ, ಪಿತ್ತ, ಕಫ ಎಲ್ಲರೂ ಕೇಳಿದ್ದೇ, ಬಿಡಿ. ನನಗೆ ಹುಚ್ಚು ಹಿಡಿಸಿರುವುದು ಈ ಪುಟ್ಟ ಮಾತು.

ಖಾಲಿ ಹೊಟ್ಟೆ ಸುಮ್ನೆ ಇರುತ್ತದೆ ಅಂದುಕೊಂಡಿದ್ದೀರಾ? ಇಲ್ಲ, ಕಸ ಗುಡಿಸುತ್ತಿರುತ್ತದೆ. ಸುಮಾರು ಒಂದೂವರೆ, ಎರಡು ಗಂಟೆಗೊಮ್ಮೆ ಬಲವಾದ ಅಲೆಯೊಂದು ಸಾಮಾನ್ಯವಾಗಿ ಜಠರದಲ್ಲಿ ಎದ್ದು, ಸಣ್ಣ ಕರುಳಿನ ಕೊನೆಯ ಕಡೆಗೆ ನಿಧಾನವಾಗಿ ಸಾಗುತ್ತದೆ. 1969ರಲ್ಲಿ ನಾಯಿಗಳ ಕರುಳಿನಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಹೆಸರು ಮೈಗ್ರೇಟಿಂಗ್ ಮೋಟಾರ್ ಕಾಂಪ್ಲೆಕ್ಸ್.

ಊಟ ಅರೆಯುವಾಗ ಜಠರದ ಕೆಳಬಾಗಿಲು ಜರಡಿಯ ಹಾಗೆ. ಒಂದೆರಡು ಮಿಲಿಮೀಟರಿಗಿಂತ ದೊಡ್ಡ ಚೂರುಗಳನ್ನು ಹೆಚ್ಚಾಗಿ ಒಳಗೇ ತಡೆಯುತ್ತದೆ. ಹಣ್ಣಿನ ಸಿಪ್ಪೆ, ಬೀಜ, ನಾರು ಹಿಂದೆ ಉಳಿಯುತ್ತವೆ. ಹೊಟ್ಟೆ ಖಾಲಿಯಾದ ಮೇಲೆ ಮೋಟಿಲಿನ್ ಎಂಬ ಹಾರ್ಮೋನು ಏರುತ್ತದೆ, ಅಲೆ ಏಳುತ್ತದೆ, ಬಾಗಿಲು ಅಗಲವಾಗುತ್ತದೆ, ಉಳಿದದ್ದೆಲ್ಲ ಹೊರಗೆ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿಯಾಗದಂತೆ ನೋಡಿಕೊಳ್ಳುವುದೂ ಇದರದೇ ಕೆಲಸ. ಗಾಳಿ, ನೀರು ಸೇರಿ ಹೊರಳುವಾಗ ಬರುವ ಸದ್ದೇ ಆ ಗುರ್.

ಈಗ ಒಂದು ಬಿಸ್ಕತ್ತು ತಿನ್ನಿ. ಗುಡಿಸುವುದು ನಿಂತಿತು! ಮೊದಲ ಪಂಕ್ತಿ ಎದ್ದು, ಎಲೆ ತೆಗೆದು, ನೆಲ ಒರೆಸುವಷ್ಟರಲ್ಲೇ ಇನ್ನೊಬ್ಬರು ಬಂದು ಕೂತರೆ? ಪೊರಕೆ ಹಿಡಿದವರು ಮೂಲೆಗೆ ಸರಿಯಬೇಕು. ಜನ ಖಾಲಿಯಾಗದ ಬಸ್ ಸ್ಟ್ಯಾಂಡನ್ನು ತೊಳೆಯುವುದಕ್ಕಾಗುತ್ತದಾ? ಇದೂ ಹಾಗೇ.

ಹೊಟ್ಟೆಯೊಳಗೆ ಕಣ್ಣಾರೆ ಇಣುಕಿದ ಕತೆಯನ್ನೂ ಹೇಳಲೇಬೇಕು. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಗುಲಿತು. ಬದುಕಿದ, ಆದರೆ ಜಠರಕ್ಕೆ ಆದ ತೂತು ಮುಚ್ಚಲೇ ಇಲ್ಲ. ಡಾಕ್ಟರ್ ವಿಲಿಯಂ ಬೋಮಾಂಟ್ ರೇಷ್ಮೆ ದಾರಕ್ಕೆ ಆಹಾರ ಕಟ್ಟಿ ಒಳಗಿಳಿಸಿ, ಎಳೆದು ನೋಡುತ್ತಿದ್ದ. ಸಿಟ್ಟು ಬಂದಾಗ ಅರಗುವುದು ಕೆಡುತ್ತದೆ ಅಂತಲೂ ಬರೆದಿಟ್ಟ. ಊಟದ ಮೇಲೆ ಮನಸ್ಸಿಟ್ಟು ಉಣ್ಣು ಅಂತ ಚರಕ ಸಂಹಿತೆ ಹೇಳುವುದೂ ಅದೇ ಅಧ್ಯಾಯದಲ್ಲಿ.

ಹಾಗಂತ ಚರಕನಿಗೆ ಮೋಟಿಲಿನ್ ಗೊತ್ತಿತ್ತು ಅನ್ನಬೇಡಿ. ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಅವರು ಮೈಯನ್ನು ಗಮನವಿಟ್ಟು ನೋಡಿದ್ದರು, ಆ ಗೌರವ ಸಾಕು. ಊಟ ಅರಗಿದ ಗುರುತುಗಳನ್ನು ಅಷ್ಟಾಂಗ ಹೃದಯ ಎಂಬ ಇನ್ನೊಂದು ಹಳೆಯ ಆಯುರ್ವೇದ ಗ್ರಂಥ ಪಟ್ಟಿ ಮಾಡಿದೆ: ಶುದ್ಧವಾದ ತೇಗು, ಹಗುರವಾದ ಮೈ, ಹಸಿವು. ಹೊಸಬರಿಗೆ ಒಂದು ವಾರ ಇವನ್ನು ಗಮನಿಸುವುದೇ ಮೊದಲ ಪಾಠ. ಸಾಧಾರಣ ಊಟ ಜಠರ ದಾಟಲು ಸುಮಾರು ನಾಲ್ಕು ಗಂಟೆ ಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಊಟದ ಅಂತರ ಹಿಗ್ಗಿಸಬಾರದು. ಲೋಹ, ಖನಿಜಗಳನ್ನು ಸುಟ್ಟು ಮಾಡುವ ಭಸ್ಮಗಳನ್ನಂತೂ ನೀವಾಗಿಯೇ ಕೊಂಡು ನುಂಗಬೇಡಿ. ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ನನಗೂ ಸಂಜೆ ನಾಲ್ಕೂವರೆ ಆದರೆ ಕೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು. ಒಂದು ದಿನ ಮುಚ್ಚಳ ಹಾಕಿ ಕೂತೆ. ಹತ್ತು ನಿಮಿಷಕ್ಕೆ ಹೊಟ್ಟೆ ಗುರ್ ಅಂದಿತು. ಇನ್ನೊಂದು ಸಲ, ಸ್ವಲ್ಪ ಕೆಳಗೆ. ಆಮೇಲೆ ಸದ್ದಿಲ್ಲ, ಹಸಿವೂ ಅಷ್ಟು ಕಾಡಲಿಲ್ಲ. ರಾತ್ರಿ ಬಡಿಸಿದ್ದೆಲ್ಲ ರುಚಿಯಾಗಿತ್ತು.