ಕೂಸು ನೋಡಿಕೊಂಡ ಕೂಲಿ ಯಾರ ಲೆಕ್ಕಕ್ಕೆ?

ಹೆರಿಗೆ ರಜೆ 26 ವಾರಕ್ಕೆ ಮುಗಿಯುತ್ತದೆ. ಅಂಗನವಾಡಿಯಲ್ಲಿ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಬಹುದಾದದ್ದು ಮೂರು ವರ್ಷ ತುಂಬಿದ ಮೇಲೆ. ನಡುವೆ ಎರಡೂವರೆ ವರ್ಷ. ಈ ಅವಧಿಯಲ್ಲಿ ಮಗುವನ್ನು ಯಾರು ನೋಡಿಕೊಳ್ಳಬೇಕು, ನೋಡಿಕೊಂಡವರಿಗೆ ಯಾರು ಕೂಲಿ ಕೊಡಬೇಕು ಎಂಬುದೇ ಶಿಶುಪಾಲನೆಯ ಎಲ್ಲ ಕಾನೂನು, ಯೋಜನೆಗಳ ಹಿಂದಿರುವ ಪ್ರಶ್ನೆ. ಆ 26 ವಾರವೂ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಕಳೆ ಕೀಳಲು, ಮನೆಗೆಲಸಕ್ಕೆ ಹೋಗುವವರಿಗೆ ಅದೂ ಇಲ್ಲ.

1948ರ ಕಾರ್ಖಾನೆ ಕಾಯ್ದೆ, 1951ರ ತೋಟ ಕಾರ್ಮಿಕರ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಮೂರೂ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದವು. ಆದರೆ ಮೂರೂ ಎಣಿಸಿದ್ದು ಹೆಂಗಸರ ತಲೆಯನ್ನು. ಕಾರ್ಖಾನೆಗಳಿಗೆ ಮೊದಲು 50 ಮಹಿಳೆಯರ ಮಿತಿಯಿತ್ತು. 1976ರಲ್ಲಿ ಅದನ್ನು 30ಕ್ಕೆ ಇಳಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಕೊಠಡಿ, ಆಯಾ, ಹಾಲು, ತೊಟ್ಟಿಲಿನ ಖರ್ಚು ಹೀಗೆ ಹೆಂಗಸರ ಹೆಸರಿಗೇ ಅಂಟಿಕೊಂಡಿತು. ಮಗು ಅಪ್ಪನದೂ ಹೌದು ಎಂಬುದು ಲೆಕ್ಕಕ್ಕೆ ಬರಲಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಇದನ್ನು ಸ್ವಲ್ಪ ಸರಿಪಡಿಸಿ, ಗಂಡಸರು ಹೆಂಗಸರು ಸೇರಿ 50 ನೌಕರರಿದ್ದರೆ ಕೊಠಡಿ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದಿತು. ಅದೇ ತಿದ್ದುಪಡಿ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿತು. ಇಎಸ್‌ಐ ಎಂಬ ಕಾರ್ಮಿಕ ವಿಮೆಯ ವ್ಯಾಪ್ತಿಗೆ ಬಾರದವರ ರಜೆಯ ಸಂಬಳ ಪೂರ್ತಿ ಮಾಲೀಕರ ಮೇಲೆಯೇ ಬಿತ್ತು. ಕೆಲಸಕ್ಕೆ ತೆಗೆದುಕೊಳ್ಳುವಾಗ "ಮದುವೆ ಆಗಿದೆಯಾ?" ಎಂದು ಕೇಳುವುದರ ಹಿಂದೆ ಈ ಲೆಕ್ಕವೂ ಇದೆ.

ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಕೊಠಡಿ ಇದ್ದರೂ ಅದು ತುಂಬುವುದು ಕಷ್ಟ. ಬೆಳಿಗ್ಗೆ ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬರಲಾಗುವುದಿಲ್ಲ. ಪ್ರೊಡಕ್ಷನ್ ಟಾರ್ಗೆಟ್ ಇರುವ ಲೈನಿನಿಂದ ಹಾಲು ಕುಡಿಸಲು ಎದ್ದು ಹೋದರೆ ಪೀಸ್‌ಗಳು ರಾಶಿ ಬೀಳುತ್ತವೆ. ಹಾಗಾಗಿ ಮಗು ಊರಿನಲ್ಲಿ ಅಜ್ಜಿಯ ಹತ್ತಿರ ಉಳಿಯುತ್ತದೆ, ಇಲ್ಲವೇ ತಾಯಿ ಕೆಲಸ ಬಿಡುತ್ತಾಳೆ. ಅಜ್ಜಿಯ ದುಡಿಮೆಗೆ ಯಾವ ಪುಸ್ತಕದಲ್ಲೂ ಕಾಲಂ ಇಲ್ಲ.

ಸರ್ಕಾರದ ದಾರಿ ಬೇರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಇಡೀ ವ್ಯವಸ್ಥೆ ನಿಂತದ್ದು "ಗೌರವಧನ"ದ ಮೇಲೆ. ಅಂಗನವಾಡಿ ಕಾರ್ಯಕರ್ತೆಯದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಕರ್ನಾಟಕದ್ದೇ ಆದ ಅಮೀರಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಅದೇ ನ್ಯಾಯಾಲಯ ಇವರಿಗೂ ಗ್ರಾಚ್ಯುಯಿಟಿ ಸಲ್ಲಬೇಕು ಎಂದಿತು. 2018ರ ಅಕ್ಟೋಬರ್‌ನಿಂದ ಕೇಂದ್ರದ ದರ ಕಾರ್ಯಕರ್ತೆಗೆ ತಿಂಗಳಿಗೆ 4,500, ಸಹಾಯಕಿಗೆ 2,250 ರೂಪಾಯಿ. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸುತ್ತದೆ.

ಮೂರು ವರ್ಷದೊಳಗಿನವರಿಗೆ ಅಂಗನವಾಡಿ ಕೊಡುವುದು ಮುಖ್ಯವಾಗಿ ಮನೆಗೆ ಒಯ್ಯುವ ಆಹಾರ. ಆ ಕೊರತೆ ತುಂಬಲು 2006ರಲ್ಲಿ ಬಂದ ಶಿಶುಪಾಲನಾ ಕೇಂದ್ರಗಳ ಯೋಜನೆಯಲ್ಲಿ ಬಹುಪಾಲು ಹಣ ಕೇಂದ್ರ ಸರ್ಕಾರದ್ದು, ಉಳಿದದ್ದು ನಡೆಸುವ ಸಂಸ್ಥೆಯದು. 2017ರಲ್ಲಿ ಅದನ್ನು ಕೇಂದ್ರ, ರಾಜ್ಯ, ಸಂಸ್ಥೆಗಳ ನಡುವೆ 60:30:10 ಎಂದು ಹಂಚಿದರು. ಮೂರು ಕಡೆಯ ಹಣ ಹೊಂದಿಸಲಾಗದೆ ದೇಶದಾದ್ಯಂತ ಸಾವಿರಾರು ಕೇಂದ್ರಗಳು ಮುಚ್ಚಿದವು. 2022ರಲ್ಲಿ ಯೋಜನೆ "ಪಾಲನಾ" ಎಂಬ ಹೆಸರಿನಲ್ಲಿ ಮರಳಿತು.

ಕರ್ನಾಟಕ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ "ಕೂಸಿನ ಮನೆ" ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಇದರ ಬೀಜ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಾದ ನರೇಗಾದಲ್ಲೇ ಇತ್ತು: ಕಾಮಗಾರಿಯ ಜಾಗಕ್ಕೆ ಐದು ವರ್ಷದೊಳಗಿನ ಐದು ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಪೂರ್ಣ ಕೂಲಿ ಕೊಡಬೇಕು. ಮರದ ಕೆಳಗಿನ ಆ ನೆರಳನ್ನು ಪಂಚಾಯಿತಿಯ ಕಟ್ಟಡದೊಳಗೆ ತಂದದ್ದು ದೊಡ್ಡ ಹೆಜ್ಜೆ. ಅದಕ್ಕಿಂತ ದೊಡ್ಡದು, ಕೂಸು ನೋಡುವುದೂ ಮಣ್ಣು ಹೊರುವಷ್ಟೇ ಕೂಲಿಯ ಕೆಲಸ ಎಂದು ಒಪ್ಪಿಕೊಂಡದ್ದು.

ಲೆಕ್ಕ ಹಾಕಿ ನೋಡಿ. 2024-25ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ಕೂಸಿನ ಮನೆಯ ಇಬ್ಬರು ಆರೈಕೆದಾರರು ತಿಂಗಳಿಗೆ 26 ದಿನ ಕೆಲಸ ಮಾಡಿದರೆ 18,148 ರೂಪಾಯಿ. ಪಾಲನಾದಲ್ಲಿ ತಿಂಗಳಿಗೆ ಕಾರ್ಯಕರ್ತೆಗೆ 5,500, ಸಹಾಯಕಿಗೆ 3,000, ಒಟ್ಟು 8,500. ಕೆಲಸ ಒಂದೇ, ಕೂಲಿ ಅರ್ಧಕ್ಕಿಂತ ಕಡಿಮೆ.

ಆದರೆ ನರೇಗಾದ ದಾರಿಗೂ ತೊಡಕಿತ್ತು. ಅದರಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ಸಿಗುತ್ತಿದ್ದದ್ದು 100 ದಿನದ ಕೆಲಸ. ಕೂಸಿನ ಮನೆ ವರ್ಷದಲ್ಲಿ 312 ದಿನ ತೆರೆದಿರಬೇಕಾದರೆ ಇಬ್ಬರಿಂದ 624 ಮಾನವ ದಿನ, ಅಂದರೆ ಕನಿಷ್ಠ ಏಳು ಕುಟುಂಬಗಳ ಜಾಬ್ ಕಾರ್ಡ್ ಬೇಕಿತ್ತು. ಅದಕ್ಕಾಗಿಯೇ ಪಂಚಾಯಿತಿಗೆ ಹತ್ತರಷ್ಟು ಮಹಿಳೆಯರಿಗೆ ತರಬೇತಿ ಕೊಟ್ಟು ಸರದಿ ಹಾಕಿದ್ದು. ಕಡತಕ್ಕೆ ಸರದಿ ಸರಿ. ಒಂದೂವರೆ ವರ್ಷದ ಮಗುವಿಗೆ ಅಲ್ಲ. ಆ ವಯಸ್ಸಿನ ಮಗು ಮುಖ ನೋಡಿ ಊಟ ಮಾಡುತ್ತದೆ. ಹೊಸ ಮುಖ ಬಂದ ದಿನ ಬಾಯಿ ತೆರೆಯುವುದಿಲ್ಲ, ನಿದ್ದೆಯನ್ನೂ ಮಾಡುವುದಿಲ್ಲ. 25 ಮಕ್ಕಳಿಗೆ ಇಬ್ಬರೇ ಇದ್ದಾಗ ಒಬ್ಬರು ರಾಗಿ ಸರಿ ಕುದಿಸಲು, ಬಟ್ಟೆ ಒಗೆಯಲು ಎದ್ದರೆ ಉಳಿದವರ ಕೈಗೆ ಅಷ್ಟೂ ಮಕ್ಕಳು. ಒಂದು ಒದ್ದೆಯಾಗಿರುತ್ತದೆ, ಇನ್ನೊಂದು ಹೊಸ್ತಿಲು ದಾಟುತ್ತಿರುತ್ತದೆ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಎಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿಯದೇ ಮಾತು. ಆ ಪ್ರಕಾರ 25ಕ್ಕೆ ಮೂವರು ಬೇಕು, ಅಡುಗೆಗೆ ಬೇರೆ ಕೈ ಬೇಕು.

ಕಾಮಗಾರಿ ನಿಂತ ತಿಂಗಳಲ್ಲಿ ತಾಯಿ ಹತ್ತಿ ಬಿಡಿಸಲು ಹೋಗುತ್ತಾಳೆ. ಮಗುವಿಗೆ ಆಗಲೂ ಜಾಗ ಬೇಕು. ಆರೈಕೆದಾರರ ಕೂಲಿಯನ್ನು ಉದ್ಯೋಗ ಯೋಜನೆಯ ದಿನಗಳಿಗೆ ಕಟ್ಟಿಹಾಕಿದಷ್ಟು ಕಾಲ ಕೂಸಿನ ಮನೆಯ ಬಾಗಿಲೂ ಆ ದಿನಗಳನ್ನೇ ಕಾಯುತ್ತದೆ. ಪಂಚಾಯಿತಿಯ ಖಾತೆಯಲ್ಲಿ ಇದಕ್ಕೆಂದೇ ವರ್ಷಪೂರ್ತಿ ಸಂಬಳದ ಬಾಬತ್ತು ತೆರೆದರೆ, ತರಬೇತಿ ಪಡೆದವರಲ್ಲಿ ಮೂವರನ್ನಾದರೂ ಕಾಯಂ ಉಳಿಸಿಕೊಳ್ಳಬಹುದು.

ಪಟ್ಟಣಗಳಲ್ಲಿ ಉಳಿದಿರುವ ಗಂಟು ಸಣ್ಣ ಘಟಕಗಳದು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯೂ 50 ನೌಕರರ ಗೆರೆಯನ್ನೇ ಉಳಿಸಿಕೊಂಡು, ಹಲವು ಸಂಸ್ಥೆಗಳು ಸೇರಿ ಒಂದೇ ಕೇಂದ್ರ ನಡೆಸಲು ಅವಕಾಶ ಕೊಟ್ಟಿದೆ. ಪೀಣ್ಯದಂಥ ಕಡೆ 20 ಜನರ ಹತ್ತು ಘಟಕಗಳು ಒಂದೇ ರಸ್ತೆಯಲ್ಲಿದ್ದರೂ ಯಾವುದಕ್ಕೂ ಈ ಹೊಣೆ ತಗಲುವುದಿಲ್ಲ. ಘಟಕದ ಬದಲು ರಸ್ತೆಯ ಕಾರ್ಮಿಕರನ್ನು ಒಟ್ಟಾಗಿ ಎಣಿಸಿದರೆ 200 ಜನರಿದ್ದಾರೆ.