ಸೋರುವ ಕಿವಿಗೆ ಯಾವ ಮದ್ದು? ಉತ್ತರ ಬದಲಾಗುತ್ತ ಬಂದ ಬಗೆ

ಆರಿದ್ರಾ ಮಳೆ ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ಬಟ್ಟೆ ಒಣಗುವುದಿಲ್ಲ, ಸೌದೆ ಹತ್ತುವುದಿಲ್ಲ, ಮಕ್ಕಳ ಮೂಗು ಆರುವುದಿಲ್ಲ. ಮೂಗು ಸುರಿಯತೊಡಗಿ ವಾರವಾಗುವಷ್ಟರಲ್ಲಿ ಯಾವುದಾದರೂ ಒಂದು ಮಗುವಿನ ಕಿವಿಯೂ ಸೋರತೊಡಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಅಜ್ಜಿಯ ಬಳಿ ಸಿದ್ಧ ಉತ್ತರವಿತ್ತು. ಕೊಬ್ಬರಿ ಎಣ್ಣೆಗೆ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ ಒಲೆಯ ಮೇಲಿಡುವುದು, ಸೌಟಿನಿಂದ ಒಂದು ಹನಿಯನ್ನು ಮುಂಗೈ ಮೇಲೆ ಬಿಟ್ಟುಕೊಂಡು ಬಿಸಿ ನೋಡುವುದು, ತೊಡೆಯ ಮೇಲೆ ತಲೆ ಇರಿಸಿ ಕಿವಿಗೆ ಬಿಡುವುದು, ಮೇಲೆ ಹತ್ತಿ. ಪಕ್ಕದ ಮನೆಯವರದು ತುಂಬೆ ಸೊಪ್ಪಿನ ರಸ. ಬಾಣಂತಿ ಇರುವ ಮನೆಯಲ್ಲಿ ಎದೆಹಾಲು. ಮದ್ದು ಯಾವುದೇ ಇರಲಿ, ಕೊನೆಯ ಮಾತು ಎಲ್ಲರದೂ ಒಂದೇ: ಬೆಳೆಯುವ ಮಕ್ಕಳಿಗೆ ಕಿವಿ ಸೋರುವುದು ಇದ್ದದ್ದೇ.

ಈ ಮಾತನ್ನು ನಕ್ಕು ತಳ್ಳಿಹಾಕುವ ಮೊದಲು ಒಂದು ವಿಷಯ ನೆನಪಿಡಬೇಕು. ಇದೇ ಕಾಯಿಲೆಗೆ ವೈದ್ಯರು ಕೊಡುತ್ತ ಬಂದ ಸಲಹೆಗಳೂ ಅಷ್ಟೇ ದೃಢವಾಗಿದ್ದವು, ಮತ್ತು ಅವುಗಳಲ್ಲಿ ಹಲವು ತಪ್ಪಾಗಿದ್ದವು. ಯಾರೋ ಒಬ್ಬರು ಕುಳಿತು ಎಣಿಸಿ ನೋಡುವವರೆಗೆ ಆ ತಪ್ಪು ಗೊತ್ತಾಗಲಿಲ್ಲ.

ಮೊದಲು ಕಾಯಿಲೆ ಏನೆಂದು ನೋಡೋಣ. ಮೂಗಿನ ಹಿಂಬದಿಯಿಂದ ನಡುಗಿವಿಗೆ ಒಂದು ಸಣ್ಣ ನಾಳವಿದೆ. ದೊಡ್ಡವರಲ್ಲಿ ಅದು ಓರೆಯಾಗಿ ಮೇಲೇರುತ್ತದೆ. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ. ಹಾಗಾಗಿ ನೆಗಡಿಯ ಸೋಂಕಿಗೆ ಮೂಗಿನಿಂದ ಕಿವಿಗೆ ಹೋಗಲು ಸಲೀಸು ದಾರಿ. ನಡುಗಿವಿಯಲ್ಲಿ ಕೀವು ತುಂಬಿದಾಗ ಮಗು ರಾತ್ರಿಯಿಡೀ ಅಳುತ್ತದೆ. ಬೆಳಿಗ್ಗೆ ಕಿವಿಯ ತಮಟೆ, ಅಂದರೆ ಒಳಗಿನ ತೆಳು ಪೊರೆ, ಒಡೆದು ಕೀವು ಹೊರಬಂದ ಕೂಡಲೇ ನೋವು ಇಳಿಯುತ್ತದೆ. ಅಲ್ಲೇ ಇರುವುದು ಮೋಸ. ನೋವಿಲ್ಲದ ಕಾಯಿಲೆಗೆ ಯಾರು ತೋಟದ ಕೆಲಸ ಬಿಟ್ಟು, ಬಸ್ಸು ಹಿಡಿದು, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಾರೆ? ಎಷ್ಟೋ ಸಲ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ, ಅಜ್ಜಿಯ ಎಣ್ಣೆಗೆ ಹೆಸರು ಬರುತ್ತದೆ. ಮುಚ್ಚದೆ ಉಳಿದರೆ ಅದು ವರ್ಷಗಟ್ಟಲೆ ಸೋರುವ ಕಿವಿ. ಎರಡು ವಾರಕ್ಕೂ ಮೀರಿ ಕೀವು ಹರಿದರೆ ಅದನ್ನು ದೀರ್ಘಕಾಲದ ಸೋರಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. ಆ ಮಗು ತರಗತಿಯಲ್ಲಿ ಹಿಂದಿನ ಬೆಂಚಿಗೆ ಸರಿಯುತ್ತದೆ, 'ದಡ್ಡ' ಎನಿಸಿಕೊಳ್ಳುತ್ತದೆ.

ಸುಶ್ರುತ ಸಂಹಿತೆ 28 ಕರ್ಣರೋಗಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಕರ್ಣಸ್ರಾವ ಒಂದು, ಕೀವು ನಾರುವ ಪೂತಿಕರ್ಣ ಇನ್ನೊಂದು. ಉಪಚಾರಗಳ ಪಟ್ಟಿಯಲ್ಲಿ ಹೊಗೆ ಹಾಕುವುದು, ಔಷಧ ತುಂಬುವುದರ ಜೊತೆಗೆ ಪ್ರಮಾರ್ಜನ, ಅಂದರೆ ಒರೆಸಿ ತೆಗೆಯುವುದು ಎಂಬ ಮಾತೂ ಇದೆ. ಈ ಒರೆಸುವ ಕೆಲಸ ಮುಂದೆ ಇನ್ನೊಂದು ಖಂಡದಲ್ಲಿ ನಮಗೆ ಮತ್ತೆ ಎದುರಾಗಲಿದೆ.

ಯುರೋಪಿನಲ್ಲಿ ಕಿವಿಯ ಹಿಂದಿನ ಎಲುಬನ್ನು ತೆರೆದು ಕೀವು ಹೊರತೆಗೆಯುವ ಸಾಹಸ 18ನೆಯ ಶತಮಾನದಲ್ಲೇ ನಡೆದಿತ್ತು. ಪ್ಯಾರಿಸ್ಸಿನ ಜೀನ್ ಲೂಯಿ ಪೆಟಿ 1736ರಲ್ಲಿ ಅದನ್ನು ಮಾಡಿ ಗೆದ್ದಿದ್ದ. ಆದರೆ 1791ರಲ್ಲಿ ಡೆನ್ಮಾರ್ಕಿನ ರಾಜವೈದ್ಯ ಬರ್ಗರ್ ತನ್ನದೇ ಕಿವುಡಿಗೆ ಈ ಶಸ್ತ್ರಕ್ರಿಯೆ ಮಾಡಿಸಿಕೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನಿಗೆ ಅದು ಬೇಕೇ ಇರಲಿಲ್ಲ, ಕೀವು ತುಂಬಿದ ಎಲುಬಿನ ರೋಗಿಯೇ ಅವನಲ್ಲ. ಆದರೂ ಸತ್ತವನು ದೊಡ್ಡ ಮನುಷ್ಯ. ಆ ಒಂದು ಸಾವಿನಿಂದ ಶಸ್ತ್ರಕ್ರಿಯೆಗೇ ಕೆಟ್ಟ ಹೆಸರು ಬಂತು. ಜರ್ಮನಿಯ ಹಾಲೆ ಊರಿನ ಹರ್ಮನ್ ಶ್ವಾರ್ಟ್ಸೆ ತನ್ನ ಸಹೋದ್ಯೋಗಿಯೊಡನೆ 1873ರಲ್ಲಿ ಅದರ ಕ್ರಮವನ್ನು ಬರೆದು ಪ್ರಕಟಿಸುವವರೆಗೆ, ಸುಮಾರು 80 ವರ್ಷ, ಅದು ಮೂಲೆಗೆ ಬಿದ್ದಿತ್ತು.

ಇಲ್ಲಿ ನಮ್ಮ ನಾಡಿನ ಒಂದು ಕಥೆಯನ್ನು ಪಕ್ಕಕ್ಕಿಟ್ಟು ನೋಡಬೇಕೆನಿಸುತ್ತದೆ. ಬರ್ಗರ್ ಸತ್ತ ಮರುವರ್ಷ, 1792ರ ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕ ಕೋವಸ್ಜಿ ಎಂಬ ಎತ್ತಿನ ಗಾಡಿಯವನ ಮೂಗು ಕೊಯ್ಯಲಾಯಿತು. ಪುಣೆಯ ಬಳಿ ಕುಂಬಾರನೊಬ್ಬ ಹಣೆಯ ಚರ್ಮ ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದು ಚಿತ್ರದೊಂದಿಗೆ ಅದನ್ನು ಅಚ್ಚು ಹಾಕಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲೇ ಅದನ್ನು ಮಾಡಿ ತೋರಿಸಿದ. ಒಬ್ಬನ ಸಾವು ಒಂದು ವಿದ್ಯೆಯನ್ನು ಮುಚ್ಚಿಸಿತು, ಒಬ್ಬನ ಮೂಗು ಇನ್ನೊಂದನ್ನು ಸಾಗರ ದಾಟಿಸಿತು. ಎರಡೂ ಕಡೆ ಸಾಕ್ಷಿ ಒಬ್ಬೊಬ್ಬನೇ. ಮೂಗು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಒಬ್ಬನೇ ಸಾಕಾಯಿತು. ಕಿವಿಯ ಒಳಗಿನದು ಕಾಣದು.

ತೂತಾದ ತಮಟೆಯನ್ನು ಮುಚ್ಚುವ ಪ್ರಯತ್ನಗಳಂತೂ ಓದಿದರೆ ನಗು ಬರುವಂತಿವೆ. 1640ರಲ್ಲಿ ಬಾಂಜರ್ ಎಂಬ ವೈದ್ಯ ಹಂದಿಯ ಮೂತ್ರಕೋಶದ ಪೊರೆ ಕಟ್ಟಿದ ಕೊಳವೆಯನ್ನು ಕಿವಿಗೆ ತೂರಿಸಲು ಹೇಳಿದ. 1841ರಲ್ಲಿ ಯಿಯರ್‌ಸ್ಲಿ ಹತ್ತಿಯುಂಡೆ ಸಾಕು ಎಂದ. ಲಂಡನ್ನಿನ ಜೋಸೆಫ್ ಟಾಯ್ನ್‌ಬೀ ಬೆಳ್ಳಿ ತಂತಿಗೆ ರಬ್ಬರ್ ಬಿಲ್ಲೆ ಸಿಕ್ಕಿಸಿದ. ಟಾಯ್ನ್‌ಬೀಯನ್ನು ನಗೆಯಲ್ಲೇ ಬಿಡಲಾಗದು. ಸತ್ತವರ ಕಿವಿಯ ಎಲುಬುಗಳನ್ನು ಸುಮಾರು 2,000ದಷ್ಟು ಕೊಯ್ದು ನೋಡಿ, ಯಾವ ಕಿವುಡಿಗೆ ಯಾವ ಹಾನಿ ಕಾರಣ ಎಂದು ಜೋಡಿಸಿದವನು ಆತ. ಕಿವಿಯಲ್ಲಿ ಗುಂಯ್ಗುಡುವ ಸದ್ದಿಗೆ ಮದ್ದು ಹುಡುಕುತ್ತ ಕ್ಲೋರೋಫಾರ್ಮ್ ಮತ್ತು ಹೈಡ್ರೋಸಯನಿಕ್ ಆಮ್ಲದ ಆವಿಯನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡು 1866ರಲ್ಲಿ ಸತ್ತ.

ನಂತರದ ಹೆಜ್ಜೆಗಳು ಬೇಗ ಬೇಗ ಬಿದ್ದವು. 1940ರ ದಶಕದಲ್ಲಿ ಪೆನಿಸಿಲಿನ್ ಬಂದು ಎಲುಬಿಗೆ, ಮಿದುಳಿಗೆ ಕೀವು ಏರಿ ಸಾಯುವವರ ಸಂಖ್ಯೆ ಇಳಿಯಿತು. 1950ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ತ್ಸೋಲ್ನರ್ ತಮಟೆ, ನಡುಗಿವಿಗಳನ್ನು ಮರುಕಟ್ಟುವ ಶಸ್ತ್ರಕ್ರಿಯೆಗೆ ರೂಪ ಕೊಟ್ಟರು. ಶಸ್ತ್ರಕ್ರಿಯೆಯ ಸೂಕ್ಷ್ಮದರ್ಶಕವೂ ಆಗಲೇ ಬಂತು. ಆ ದಶಕದ ಕೊನೆಗೆ ಚರ್ಮದ ಬದಲು ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯ ತೆಳುಪದರವನ್ನೇ ತೆಗೆದು ತೇಪೆ ಹಾಕುವುದು ಶುರುವಾಯಿತು. ಹಂದಿಯ ಪೊರೆಯಿಂದ ಹೊರಟ ಹುಡುಕಾಟ ರೋಗಿಯ ತಲೆಯಲ್ಲೇ, ತೂತಿನಿಂದ ನಾಲ್ಕು ಬೆರಳಿನ ದೂರದಲ್ಲಿ ಮುಗಿಯಿತು. ಇಂದು ಜಿಲ್ಲಾ ಆಸ್ಪತ್ರೆಯಲ್ಲೂ ನಡೆಯುವುದು ಇದೇ.

ಆದರೆ ಶಸ್ತ್ರಕ್ರಿಯೆ ಎಲ್ಲರಿಗೂ ಸಿಗುವಂಥದ್ದಲ್ಲ. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಏನು ಮಾಡಬೇಕು? ಇದಕ್ಕೆ ಬಹುಕಾಲ ಇದ್ದ ಉತ್ತರ: ಬಟ್ಟೆಯ ಅಥವಾ ಹತ್ತಿಯ ಬತ್ತಿ ಹೊಸೆದು ಕಿವಿಗಿಟ್ಟು ಕೀವನ್ನು ಹೀರಿಸಿ ಒಣಗಿಸಿ, ಸಾಕು. ಖರ್ಚಿಲ್ಲ, ಅಪಾಯವಿಲ್ಲ, ಸುಶ್ರುತನ ಕಾಲದಿಂದಲೂ ಇದ್ದದ್ದು. ಇದರ ಮೇಲೆ ಯಾರಿಗೆ ಅನುಮಾನ ಬರಬೇಕು?

ಅನುಮಾನ ಬಂದದ್ದು ಕೆನ್ಯಾದಲ್ಲಿ. ಕಿಯಾಂಬು ನಮ್ಮ ಮಲೆನಾಡಿನ ಹಾಗೆಯೇ ಕಾಫಿ ಬೆಳೆಯುವ ಎತ್ತರದ ಸೀಮೆ. ಅಲ್ಲಿನ 145 ಪ್ರಾಥಮಿಕ ಶಾಲೆಗಳಿಂದ ಕಿವಿ ಸೋರುವ 524 ಮಕ್ಕಳನ್ನು ಗುರುತಿಸಿ ಮೂರು ಗುಂಪು ಮಾಡಿದರು. ಒಂದಕ್ಕೆ ಕಿವಿ ಒರೆಸುವುದರ ಜೊತೆಗೆ ಆ್ಯಂಟಿಬಯೋಟಿಕ್, ಎರಡನೆಯದಕ್ಕೆ ಬರೀ ಒರೆಸುವುದು, ಮೂರನೆಯದಕ್ಕೆ ಏನೂ ಇಲ್ಲ. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. 16 ವಾರಗಳ ನಂತರ ಮೊದಲ ಗುಂಪಿನಲ್ಲಿ ಶೇ 51ರಷ್ಟು ಮಕ್ಕಳ ಕಿವಿ ಸೋರಿಕೆ ನಿಂತಿತ್ತು. ಬರೀ ಒರೆಸಿದ ಗುಂಪಿನಲ್ಲಿ ಶೇ 22. ಏನೂ ಮಾಡದ ಗುಂಪಿನಲ್ಲಿ? ಅಲ್ಲಿಯೂ ಶೇ 22.

ಈ ಕೊನೆಯ ಎರಡು ಸಂಖ್ಯೆಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಎಷ್ಟು ತಾಯಂದಿರು ಎಷ್ಟು ಬತ್ತಿ ಹೊಸೆದಿರಬೇಕು! ಒರೆಸುವುದು ವ್ಯರ್ಥವೆಂದಲ್ಲ. ಒರೆಸದೆ ಮದ್ದು ಬಿಟ್ಟರೆ ಅದು ಕೀವಿನ ಮೇಲೆ ತೇಲುತ್ತದೆ, ಬೇಕಾದಲ್ಲಿ ಇಳಿಯುವುದಿಲ್ಲ. ಆದರೆ ಅದೊಂದೇ ಸಾಲದು. ಮೂರನೆಯ ಗುಂಪು ಇರದಿದ್ದರೆ ಶೇ 22ನ್ನು ಬತ್ತಿಯ ಲೆಕ್ಕಕ್ಕೆ ಬರೆದುಕೊಂಡು ಎಲ್ಲರೂ ತೃಪ್ತರಾಗಿರುತ್ತಿದ್ದರು. ಅಜ್ಜಿಯ ಬೆಳ್ಳುಳ್ಳಿ ಎಣ್ಣೆಗೂ ಸಿಕ್ಕ ಯಶಸ್ಸು ಇಂಥದ್ದೇ ಇರಬೇಕು.

ಹಾಗಾದರೆ ಯಾವ ಮದ್ದು? ಅಗ್ಗದ ಬೋರಿಕ್ ಆಮ್ಲದ ದ್ರಾವಣವೇ ಸಾಕೆನ್ನುವವರಿದ್ದರು. 2005ರಲ್ಲಿ ಪ್ರಕಟವಾದ ಕೆನ್ಯಾದ್ದೇ ಇನ್ನೊಂದು ಅಧ್ಯಯನಕ್ಕೆ ಸುಮಾರು 40,000 ಶಾಲಾಮಕ್ಕಳ ಕಿವಿ ಪರೀಕ್ಷಿಸಿ 427 ಮಕ್ಕಳನ್ನು ಆರಿಸಿದ್ದರು. ಎರಡು ವಾರದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಹನಿ ಹಾಕಿದವರಲ್ಲಿ ಶೇ 59, ಬೋರಿಕ್ ಹಾಕಿದವರಲ್ಲಿ ಶೇ 32ರಷ್ಟು ಮಕ್ಕಳ ಕಿವಿ ಒಣಗಿತ್ತು. ಅದಕ್ಕೂ ಮೊದಲು ಜೆಂಟಾಮೈಸಿನ್, ನಿಯೋಮೈಸಿನ್ ಹನಿಗಳು ಧಾರಾಳವಾಗಿ ಬಳಕೆಯಲ್ಲಿದ್ದವು. ತೂತಿನ ಮೂಲಕ ಒಳಗಿವಿಗೆ ಇಳಿದರೆ ಕೇಳಿಸುವ ಸೂಕ್ಷ್ಮ ಕೋಶಗಳನ್ನೇ ಕೊಲ್ಲಬಲ್ಲ ಜಾತಿಯ ಔಷಧಗಳಿವು. ಆದರೂ ಸಿಪ್ರೊಫ್ಲಾಕ್ಸಾಸಿನ್ನಿನ ಈ ಜಯವನ್ನು ಅತಿಯಾಗಿ ಮೆರೆಸಬಾರದು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ 2020ರ ಕಾಕ್ರೇನ್ ಸಮೀಕ್ಷೆ, ಲಭ್ಯ ಪುರಾವೆಯ ಖಚಿತತೆ ಕಡಿಮೆಯೆಂದೇ ಬರೆದಿದೆ.

ನೀರಿನ ವಿಷಯದಲ್ಲೂ ಹೀಗೇ ಆಯಿತು. ಸೋರುವ ಕಿವಿಗೆ ನೀರು ತಾಗಬಾರದು ಎಂಬುದು ಪಾಠಪುಸ್ತಕದ ಮಾತು. ಪಶ್ಚಿಮ ಆಸ್ಟ್ರೇಲಿಯಾದ ಎರಡು ದೂರದ ಮೂಲನಿವಾಸಿ ಊರುಗಳಲ್ಲಿ ಈಜುಕೊಳ ಕಟ್ಟಿಸಿ ಕಾದು ನೋಡಿದಾಗ ತೂತಾದ ತಮಟೆಯ ಪ್ರಮಾಣ ಒಂದೂರಿನಲ್ಲಿ ಶೇ 32ರಿಂದ 13ಕ್ಕೆ, ಇನ್ನೊಂದರಲ್ಲಿ ಶೇ 31ರಿಂದ 18ಕ್ಕೆ ಇಳಿಯಿತೆಂದು 2003ರಲ್ಲಿ ವರದಿಯಾಯಿತು. ಹೋಲಿಕೆಗೆ ಈಜದ ಗುಂಪು ಇರಲಿಲ್ಲ. ಮುಂದೆ ಗುಂಪು ಮಾಡಿ ನೋಡಿದ ಪ್ರಯೋಗದಲ್ಲಿ ಈಜಿನಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನೋದಿ ಗೊರೂರಿನ ಹಿನ್ನೀರಿಗೆ ಮಕ್ಕಳನ್ನು ಇಳಿಸಬೇಡಿ: ಅವು ಕ್ಲೋರಿನ್ ಹಾಕಿದ ಕೊಳಗಳು, ನಮ್ಮವು ದನ ಮೀಯುವ ಕೆರೆಗಳು. ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಿಡುವ ಸಲಹೆ ಇನ್ನೂ ಹಾಗೆಯೇ ಇದೆ.

2004ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ, ಜಗತ್ತಿನಲ್ಲಿ ಸೋರುವ ಕಿವಿಯವರು 6.5 ಕೋಟಿಯಿಂದ 33 ಕೋಟಿ ಎಂದಿತು. (ಐದು ಪಟ್ಟು ಅಂತರ! ಸಂತೆಯಲ್ಲಿ ಹೀಗೆ ತೂಕ ಹೇಳಿದರೆ ಯಾರೂ ಮೆಣಸು ಕೊಳ್ಳುವುದಿಲ್ಲ.) ಶೇ 4ಕ್ಕಿಂತ ಹೆಚ್ಚು ಜನರಲ್ಲಿ ಈ ಕಾಯಿಲೆ ಇರುವ ದೇಶಗಳ ಸಾಲಿನಲ್ಲಿ ಭಾರತವನ್ನು ಇಟ್ಟಿತು. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ 25 ಜಿಲ್ಲೆಗಳಲ್ಲಿ ಆರಂಭವಾಯಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆ, ಅಂಗನವಾಡಿಗಳಿಗೆ ಬರುವ ತಂಡ ನೋಡಬೇಕಾದ ಕಾಯಿಲೆಗಳ ಪಟ್ಟಿಗೆ ನಡುಗಿವಿಯ ಸೋಂಕೂ ಸೇರಿತು.

ಹಾಸನದವರಿಗೆ ಕಿವಿಯ ದೊಡ್ಡ ಪರೀಕ್ಷೆ ಎಂದರೆ ಬಹುಕಾಲ ಮೈಸೂರಿನ ಬಸ್ಸು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಿಂದ ಅಲ್ಲಿದೆ. 2006ರಲ್ಲಿ ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು, ಚಿಕ್ಕಮಗಳೂರಿನದು ಇತ್ತೀಚಿನದು. ಬೋಧನಾ ಆಸ್ಪತ್ರೆ ಬಂದಲ್ಲಿ ಸಂಶೋಧನೆಯೂ ಬರುತ್ತದೆ, ಏಕೆಂದರೆ ಸ್ನಾತಕೋತ್ತರ ವಿದ್ಯಾರ್ಥಿ ಪ್ರಬಂಧ ಬರೆಯಲೇಬೇಕು. ಕಿವಿ ಮೂಗು ಗಂಟಲು ವಿಭಾಗಗಳ ಪ್ರಬಂಧಗಳಲ್ಲಿ ಪದೇ ಪದೇ ಕಾಣುವುದು ಇದೇ ಕೀವು: ಅದರಲ್ಲಿ ಸ್ಯೂಡೊಮೊನಸ್ ರೋಗಾಣು ಎಷ್ಟು, ಸ್ಟೆಫೈಲೊಕಾಕಸ್ ರೋಗಾಣು ಎಷ್ಟು, ಯಾವುದು ಯಾವ ಔಷಧಕ್ಕೆ ಬಗ್ಗುತ್ತದೆ, ತಮಟೆಗೆ ತೇಪೆ ಹಾಕಿದ ಮೇಲೆ ಕೇಳುವ ಶಕ್ತಿ ಎಷ್ಟು ಮರಳಿತು. ಇವನ್ನು ಹಳಸಲು ವಿಷಯಗಳೆಂದು ಹೀಗಳೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಔಷಧಕ್ಕೆ ಬಗ್ಗದ ರೋಗಾಣು ಊರಿಂದೂರಿಗೆ ಬೇರೆ. ದೆಹಲಿಯ ಪಟ್ಟಿ ನೋಡಿ ಅರಕಲಗೂಡಿನ ಮಗುವಿಗೆ ಹನಿ ಬರೆಯಲಾಗದು. ನನ್ನ ತಕರಾರು ಬೇರೆಯದು. ಈ ಪ್ರಬಂಧಗಳ ಎಣಿಕೆ ಆಸ್ಪತ್ರೆಯ ಬಾಗಿಲಿನಿಂದ ಶುರುವಾಗುತ್ತದೆ. ಕೆನ್ಯಾದವರು ಶಾಲೆಗೆ ಹೋಗಿ ಎಣಿಸಿದರು. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ, ಮಳೆಗಾಲದ ಹೊಗೆಯಲ್ಲಿ ಮಲಗಿರುವ ಮಗು ಬಾಗಿಲಿಗೆ ಬರುವುದೇ ಇಲ್ಲ. ಬಂದರೂ ಕೊಲೆಸ್ಟಿಯಟೋಮ ಬೆಳೆದ ಮೇಲೆ. ಕೊಲೆಸ್ಟರಾಲಿಗೂ ಇದಕ್ಕೂ ನಂಟಿಲ್ಲ, 1838ರಲ್ಲಿ ತಪ್ಪಾಗಿ ಇಟ್ಟ ಹೆಸರು ಉಳಿದುಬಿಟ್ಟಿದೆ. ಚರ್ಮ ನಡುಗಿವಿಯೊಳಗೆ ಗಂಟಾಗಿ ಬೆಳೆದು ಎಲುಬನ್ನು ತಿನ್ನುವ ಸ್ಥಿತಿ ಅದು. ಕೀವು ಸ್ವಲ್ಪವೇ, ಆದರೆ ನಾತ ಬಲು ಕೆಟ್ಟದ್ದು. ಅದಕ್ಕೆ ಹನಿ ಮದ್ದಿಲ್ಲ, ಕತ್ತಿಯೇ ಬೇಕು.

ಇನ್ನು ಅಜ್ಜಿಯ ವಿಷಯ. ತೂತಾದ ಕಿವಿಗೆ ಎಣ್ಣೆ ಬಿಡಬಾರದು ಎಂದು ಇಂದು ಯಾವ ವೈದ್ಯರೂ ಹೇಳುತ್ತಾರೆ. ಆದರೆ ಮುಂಗೈ ಮೇಲೆ ಬಿಸಿ ನೋಡುತ್ತಿದ್ದಳಲ್ಲ, ಅದು? ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಕಿವಿಗೆ ನೀರು ಹಾಯಿಸಿ ತೊಳೆಯುತ್ತಿದ್ದಾಗ, ನೀರು ತಣ್ಣಗಿದ್ದರೆ ತಲೆ ಸುತ್ತುತ್ತದೆ ಎಂದು ರೋಗಿಯೊಬ್ಬ ಗೊಣಗಿದ. ನೋಡಿದರೆ ಅವನ ಕಣ್ಣುಗುಡ್ಡೆಗಳು ಒಂದು ದಿಕ್ಕಿಗೆ ಅದುರುತ್ತಿದ್ದವು. ಬಿಸಿ ಹೆಚ್ಚಾದಾಗ ಅವೇ ಕಣ್ಣುಗಳು ಎದುರು ದಿಕ್ಕಿಗೆ ಅದುರಿದವು. ಒಳಗಿವಿಯ ದ್ರವ ಬಿಸಿ ತಣ್ಪಿಗೆ ಹರಿದಾಡುವುದರಿಂದ ಹೀಗಾಗುತ್ತದೆ ಎಂದು ಬಾರಾನಿ ವಿವರಿಸಿದ. ಆ ಕೆಲಸಕ್ಕೆ 1914ರ ನೊಬೆಲ್ ಬಂತು. ಸುದ್ದಿ ಮುಟ್ಟುವಾಗ ಅವನು ರಷ್ಯಾದಲ್ಲಿ ಯುದ್ಧ ಕೈದಿ. ಇಂದು ಔಷಧದಂಗಡಿಯಿಂದ ತಂದ ಹನಿಯ ಶೀಶೆಯನ್ನು ಕಿವಿಗೆ ಬಿಡುವ ಮೊದಲು ಒಂದೆರಡು ನಿಮಿಷ ಅಂಗೈಯಲ್ಲಿ ಮುಚ್ಚಿ ಹಿಡಿದು ಬೆಚ್ಚಗಾಗಿಸಿ ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ.