ಪೀಣ್ಯ ಫ್ಲೈಓವರ್‌ ಹೊಟ್ಟೆಯೊಳಗಿನ ಕೇಬಲ್‌ ಕಥೆ

2021ರ ಡಿಸೆಂಬರ್ 25, ಕ್ರಿಸ್‌ಮಸ್ ರಜೆ. ತುಮಕೂರು ರಸ್ತೆಯ ಪೀಣ್ಯ ಫ್ಲೈಓವರ್ ಮುಚ್ಚಿದರು. ಒಂದು ವಾರದ ರಿಪೇರಿ ಇರಬಹುದು ಅಂದುಕೊಂಡೆವು. ಕಾರು, ಬೈಕುಗಳಿಗೆ ದಾರಿ ಬಿಟ್ಟದ್ದು 2022ರ ಫೆಬ್ರವರಿಯಲ್ಲಿ. ಲಾರಿ, ಬಸ್ಸುಗಳು ಮತ್ತೆ ಮೇಲೆ ಹತ್ತಿದ್ದು 2024ರ ಜುಲೈ ಕೊನೆಗೆ. ಎರಡೂವರೆ ವರ್ಷಕ್ಕೂ ಜಾಸ್ತಿ.

ನಾನು ದಾಸರಹಳ್ಳಿ ಕಡೆಯವನು. ಆ ಎರಡೂವರೆ ವರ್ಷ ನಮ್ಮ ಪಾಲಿಗೆ ಹೇಗಿತ್ತು ಅಂತ ಗೊರಗುಂಟೆಪಾಳ್ಯದಿಂದ ಎಂಟನೇ ಮೈಲಿವರೆಗೆ ಲಾರಿಗಳ ಹಿಂದೆ ತೆವಳಿದವರನ್ನೇ ಕೇಳಬೇಕು. ಜಾಲಹಳ್ಳಿ ಕ್ರಾಸ್‌ನ ಟೀ ಅಂಗಡಿಯಲ್ಲಿ ದಿನಾ ಒಂದೊಂದು ಸುದ್ದಿ. ಪಿಲ್ಲರ್ ಬಿರುಕು ಬಿಟ್ಟಿದೆಯಂತೆ, ಇಡೀ ಸೇತುವೆ ಕೆಡವುತ್ತಾರಂತೆ, ಹೀಗೆ. ಪೇಪರಿನಲ್ಲಿ 102 ಮತ್ತು 103ನೇ ಪಿಲ್ಲರ್ ನಡುವೆ ತೊಂದರೆ ಅಂತ ಬಂದ ಮೇಲೆ ಕೆಲವರು ಅಲ್ಲೇ ನಿಂತು ತಲೆ ಎತ್ತಿ ನೋಡಿದರು. ಬಿರುಕೂ ಇಲ್ಲ, ಏನೂ ಇಲ್ಲ. 'ಕೇಬಲ್ ತುಕ್ಕು ಹಿಡಿದಿದೆ' ಅಂದಾಗ ಅದು ಕರೆಂಟಿನ ಕೇಬಲ್ ಅಂತ ತಿಳಿದವರೂ ಇದ್ದರು. ಅವರನ್ನು ನೋಡಿ ನಗುವ ಹಾಗಿಲ್ಲ. ಫ್ಲೈಓವರ್ ಒಳಗೆ ಕೇಬಲ್ ಇರುತ್ತದೆ ಅಂತ ನಮಗೆ ಯಾರು ಯಾವಾಗ ಹೇಳಿದ್ದರು?

ಸ್ವಲ್ಪ ಹಿಂದೆ ಹೋಗೋಣ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತಗೊಂಡ. 1867ರಲ್ಲಿ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ ಹೂವಿನ ಕುಂಡ ಒಡೆಯದಿರಲಿ ಅಂತ ಸಿಮೆಂಟಿನೊಳಗೆ ಕಬ್ಬಿಣದ ಜಾಲರಿ ಇಟ್ಟು ಅದಕ್ಕೂ ಪೇಟೆಂಟ್ ಪಡೆದ. ನಮ್ಮ ಮನೆಯ ಆರ್‌ಸಿಸಿ ಸ್ಲ್ಯಾಬ್ ಆ ಕುಂಡದ ವಂಶದ್ದೇ. ಕಾಂಕ್ರೀಟನ್ನು ಒತ್ತಿದರೆ ತಡೆದುಕೊಳ್ಳುತ್ತದೆ, ಎಳೆದರೆ ಸೀಳುತ್ತದೆ. ಎಳೆಯುವ ಜಾಗದಲ್ಲಿ ಕಂಬಿ ಇಟ್ಟರೆ ಆಯಿತು. ಮನೆಗೆ ಇಷ್ಟು ಸಾಕು. ಕಂಬದಿಂದ ಕಂಬಕ್ಕೆ ಮೂವತ್ತು ಮೀಟರ್ ದೂರ ಇರುವ ಸೇತುವೆಗೆ ಸಾಲದು. ಅಷ್ಟು ಉದ್ದದ ತೊಲೆ ತನ್ನ ಭಾರಕ್ಕೆ ತಾನೇ ಬಗ್ಗುತ್ತದೆ.

ಇದಕ್ಕೆ ದಾರಿ ತೋರಿಸಿದವನು ಫ್ರಾನ್ಸಿನ ಇಂಜಿನಿಯರ್ ಯೂಜೀನ್ ಫ್ರೆಸಿನೇ. ಅವನ ಪೇಟೆಂಟ್ 1928ರದ್ದು. ಅವನ ಉಪಾಯ ಏನು ಅಂತ ತಿಳಿಯಲು ಎತ್ತಿನಗಾಡಿ ಚಕ್ರ ನೆನಪಿಸಿಕೊಂಡರೆ ಸಾಕು. ಚಕ್ರದ ಮರಕ್ಕಿಂತ ಚೂರು ಚಿಕ್ಕ ಅಳತೆಯ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಚಕ್ರದ ಸುತ್ತ ಬಡಿದು, ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗಿ ಮರದ ತುಂಡುಗಳನ್ನೆಲ್ಲ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಗಾಡಿ ರಸ್ತೆಗೆ ಇಳಿಯುವ ಮೊದಲೇ ಚಕ್ರ ಬಿಗಿಯಲ್ಲಿರುತ್ತದೆ. ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ಅಂದರೂ ಇದೇ. ತೊಲೆಯ ಉದ್ದಕ್ಕೂ ಉಕ್ಕಿನ ಕೇಬಲ್ ಹಾಯಿಸಿ, ಜ್ಯಾಕ್ ಹಾಕಿ ಎಳೆದು, ಎರಡೂ ತುದಿಯಲ್ಲಿ ಬಿಗಿಯುತ್ತಾರೆ. ವಾಹನ ಬರುವ ಮೊದಲೇ ಕಾಂಕ್ರೀಟು ಒತ್ತಡದಲ್ಲಿರುತ್ತದೆ. ಲಾರಿ ಬಂದಾಗ ಆ ಒತ್ತಡ ಸ್ವಲ್ಪ ಕಮ್ಮಿಯಾಗುತ್ತದೆ, ಅಷ್ಟೇ.

ಈ ಕೇಬಲ್ ಸಾಮಾನ್ಯದ್ದಲ್ಲ. ಏಳು ತಂತಿ ಹೆಣೆದ, 15.2 ಮಿಲಿಮೀಟರ್ ದಪ್ಪದ ಒಂದೇ ಒಂದು ಎಳೆ ತುಂಡಾಗಬೇಕಾದರೆ ಸುಮಾರು 26 ಟನ್ ಎಳೆತ ಬೇಕು. ಅಂಥ 19 ಎಳೆ ಸೇರಿಸಿದ ಕೇಬಲ್ ಸುಮಾರು 500 ಟನ್ ತಡೆಯುತ್ತದೆ. ಮನೆ ಕಟ್ಟುವ ಕಂಬಿಗಿಂತ ಈ ಉಕ್ಕು ಮೂರು ಪಟ್ಟಿಗೂ ಹೆಚ್ಚು ಗಟ್ಟಿ. ಆದರೆ ಅದು ಸದಾ ಎಳೆತದಲ್ಲೇ ಇರುತ್ತದೆ. ಹಗಲು ರಾತ್ರಿ, ಮೇಲೆ ಗಾಡಿ ಇರಲಿ ಬಿಡಲಿ, ಬಿಡುವಿಲ್ಲ.

ಭಾರತಕ್ಕೆ ಈ ವಿದ್ಯೆ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಬಂತು. ಚೆಂಗಲ್ಪಟ್ಟು ಹತ್ತಿರದ ಪಾಲಾರ್ ನದಿ ಸೇತುವೆ 1954ರದ್ದು. ಆಮೇಲೆ ದೇಶದ ತುಂಬ ಹೊಳೆಗಳ ಮೇಲೆ ಇಂಥವೇ ಎದ್ದವು.

ಈಗ ಅಸಲು ವಿಷಯಕ್ಕೆ ಬರೋಣ. ಅದರ ಹೆಸರು ಗ್ರೌಟ್. ಕೇಬಲ್ ಹಾಯುವ ಕೊಳವೆಗೆ ಡಕ್ಟ್ ಅನ್ನುತ್ತಾರೆ. ಕೇಬಲ್ ಎಳೆದಾದ ಮೇಲೆ ಆ ಕೊಳವೆಯಲ್ಲಿ ಉಳಿದ ಜಾಗಕ್ಕೆ ಸಿಮೆಂಟ್ ಹಾಲನ್ನು ಪಂಪ್ ಮಾಡುತ್ತಾರೆ. ಸಿಮೆಂಟಿಗೆ ಕ್ಷಾರ ಗುಣ ಇದೆ, ಪಿಎಚ್ 12 ದಾಟುತ್ತದೆ. ಅದು ಸುತ್ತಲೂ ಅಂಟಿಕೊಂಡಿದ್ದರೆ ಉಕ್ಕಿಗೆ ತುಕ್ಕು ಹಿಡಿಯುವುದಿಲ್ಲ. ಕೇಬಲ್‌ಗೆ ಅದೇ ಕಂಬಳಿ, ಅದೇ ಕೊಡೆ.

ರಾಗಿ ಹಿಟ್ಟನ್ನು ನೀರಲ್ಲಿ ಕದಡಿ ಸುಮ್ನೆ ಬಿಟ್ಟರೆ ಏನಾಗುತ್ತದೆ? ಹಿಟ್ಟು ಕೆಳಗೆ ಕೂರುತ್ತದೆ, ನೀರು ಮೇಲೆ ನಿಲ್ಲುತ್ತದೆ. ಗ್ರೌಟ್‌ನಲ್ಲೂ ಅದೇ. ಪಂಪ್ ಸಲೀಸಾಗಿ ಓಡಲಿ ಅಂತ ನೀರು ಜಾಸ್ತಿ ಹಾಕಿದರಂತೂ ಮುಗಿಯಿತು. ಆ ನೀರು ಕೊಳವೆಯ ಎತ್ತರದ ಜಾಗಕ್ಕೆ, ಬಹಳ ಸಲ ಕೇಬಲ್ ಬಿಗಿದ ತುದಿಯ ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ. ಕೆಲವು ದಿನಕ್ಕೆ ಹೀರಿಹೋಗಿ ಅಲ್ಲಿ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿನಲ್ಲಿ ಕೇಬಲ್ ಬರಿಮೈಯಲ್ಲಿರುತ್ತದೆ. ಮೇಲೆ ರಸ್ತೆಯ ಕೀಲು, ಅಂದರೆ ಎಕ್ಸ್‌ಪ್ಯಾನ್ಶನ್ ಜಾಯಿಂಟ್, ಸೋರಿದರೆ ಮಳೆನೀರು ಬಂದು ಸೇರುವುದೂ ಅಲ್ಲಿಗೇ.

ಸೈಟಿನಲ್ಲಿ ಕೇಬಲ್ ಎಳೆಯುವ ದಿನ ಒಂದು ಗತ್ತು ಇರುತ್ತದೆ. ಇಂಜಿನಿಯರ್ ಇರುತ್ತಾರೆ. ಜ್ಯಾಕಿನ ಮುಳ್ಳು ಎಲ್ಲಿದೆ, ಕೇಬಲ್ ಎಷ್ಟು ಮಿಲಿಮೀಟರ್ ಹಿಗ್ಗಿತು ಅಂತ ಬರೆದುಕೊಂಡು ಸಹಿ ಹಾಕುತ್ತಾರೆ. ಗ್ರೌಟಿಂಗ್ ಆಮೇಲಿನ ಕೆಲಸ. ಮಂತ್ರಿ ಬರುವುದಿಲ್ಲ, ಫೋಟೊ ತೆಗೆಯುವುದಿಲ್ಲ. ಕೊಳವೆ ಪೂರ್ತಿ ತುಂಬಿತೋ ಇಲ್ಲವೋ ಹೊರಗಿನಿಂದ ಕಾಣುವುದೂ ಇಲ್ಲ. ಸೇತುವೆ ನೂರು ವರ್ಷ ಬಾಳುತ್ತದೋ ಹತ್ತು ವರ್ಷಕ್ಕೆ ಸುಸ್ತಾಗುತ್ತದೋ ಅನ್ನುವುದು ಈ ಗತ್ತಿಲ್ಲದ ಕೆಲಸದ ಮೇಲೆ ನಿಂತಿದೆ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಗೊತ್ತಿರಲಿ. ಮನೆಯ ಸ್ಲ್ಯಾಬಿನ ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ, ಕಾಂಕ್ರೀಟ್ ಸಿಡಿದು ಚೂರು ಬೀಳುತ್ತದೆ. ಬೈದುಕೊಂಡಾದರೂ ರಿಪೇರಿ ಮಾಡಿಸುತ್ತೇವೆ. ಕೊಳವೆಯೊಳಗಿನ ಕೇಬಲ್ ಹಾಗೆ ಸುಳಿವು ಕೊಡುವುದಿಲ್ಲ. ಒಳಗೇ ಒಂದೊಂದು ತಂತಿ ಕಡಿಯುತ್ತಾ ಹೋಗುತ್ತದೆ. ಹೊರಗಿನ ಬಣ್ಣ ಚೆನ್ನಾಗಿಯೇ ಇರುತ್ತದೆ.

ಇದು ಪೀಣ್ಯದಲ್ಲಿ ಮೊದಲ ಸಲ ಗೊತ್ತಾದ ವಿಷಯವೇನಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ 1953ರಲ್ಲಿ ಕಟ್ಟಿದ ಒಂದು ಚಿಕ್ಕ ಸೇತುವೆ 1985ರ ಡಿಸೆಂಬರ್‌ನಲ್ಲಿ, ಮೇಲೆ ಒಂದು ಗಾಡಿಯೂ ಇಲ್ಲದಾಗ, ತನ್ನಷ್ಟಕ್ಕೆ ಬಿದ್ದುಹೋಯಿತು. ಮೊದಲು ಯಾವ ಸೂಚನೆಯೂ ಇರಲಿಲ್ಲ. ತುಂಡುಗಳನ್ನು ಜೋಡಿಸಿದ ಸಂದಿಯಲ್ಲಿ ಉಪ್ಪುನೀರು ಇಳಿದು ಕೇಬಲ್ ತಿಂದುಹಾಕಿತ್ತು. 1992ರಲ್ಲಿ ಅಲ್ಲಿನ ಸರ್ಕಾರ ಇಂಥ ಗ್ರೌಟ್ ತುಂಬಿದ ಕೇಬಲ್ ಸೇತುವೆಗಳನ್ನು ಹೊಸದಾಗಿ ಕಟ್ಟುವುದನ್ನೇ ಕೆಲವು ವರ್ಷ ನಿಲ್ಲಿಸಿಬಿಟ್ಟಿತು.

ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಪಣಜಿಯ ಮಾಂಡೋವಿ ಸೇತುವೆ 1986ರ ಜುಲೈ 5ರಂದು, ಮಳೆಗಾಲದಲ್ಲಿ, ಕುಸಿಯಿತು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಅಲ್ಲೂ ಕೇಬಲ್‌ಗೆ ತುಕ್ಕು. ಹೊಸ ಸೇತುವೆ ಆಗುವವರೆಗೆ ಗೋವಾದವರಿಗೆ ಫೆರ್ರಿ ದೋಣಿಯೇ ಗತಿಯಾಯಿತು. ನಮ್ಮದೇ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಸುಮಾರು ನಲವತ್ತು ವರ್ಷ ಬಾಳಿ, 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಒಂದು ಲಾರಿ ಹೊಳೆಗೆ ಬಿತ್ತು. ಚಾಲಕ ಬದುಕಿದ್ದೇ ಪುಣ್ಯ. ಪಕ್ಕದಲ್ಲಿ ಹೊಸ ಸೇತುವೆ ಇದ್ದದ್ದರಿಂದ ಹೆದ್ದಾರಿ ನಿಲ್ಲಲಿಲ್ಲ.

ಬೆಂಗಳೂರಿನ ಮೇಲ್ಸೇತುವೆ ಹುಚ್ಚು ಇತ್ತೀಚಿನದು. 1999ರಲ್ಲಿ ಮೈಸೂರು ರಸ್ತೆಯ ಸಿರ್ಸಿ ಸರ್ಕಲ್ ಫ್ಲೈಓವರ್ ಆದಾಗ ಜನ ಅದನ್ನು ನೋಡಲೆಂದೇ ಹೋಗಿದ್ದರು. ಆಮೇಲೆ ರಿಚ್ಮಂಡ್ ಸರ್ಕಲ್, ಹೆಬ್ಬಾಳ. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಹತ್ತು ಕಿಲೋಮೀಟರ್ ಎಲಿವೇಟೆಡ್ ರಸ್ತೆ, ಅದೇ ವರ್ಷ ತುಮಕೂರು ರಸ್ತೆಯದ್ದು. 2011ರ ಅಕ್ಟೋಬರ್ 20ಕ್ಕೆ ಮೆಟ್ರೊ. ಅಷ್ಟು ಹೊತ್ತಿಗೆ ಕೆಲಸದ ರೀತಿಯೂ ಬದಲಾಗಿತ್ತು. ರಸ್ತೆಯಲ್ಲೇ ಸೆಂಟ್ರಿಂಗ್ ಹೊಡೆದು ಕಾಂಕ್ರೀಟ್ ಸುರಿಯುವ ಬದಲು, ಯಾರ್ಡಿನಲ್ಲಿ ಟೊಳ್ಳು ಪೆಟ್ಟಿಗೆಯಂಥ ತುಂಡುಗಳನ್ನು ಎರಕ ಹೊಯ್ದು ತಂದು, ಕಂಬಗಳ ನಡುವೆ ಸಾಲಾಗಿ ತೂಗುಹಾಕಿ, ಕೇಬಲ್ ಎಳೆದು ಒಂದು ಮಾಡುವುದು. ಕೆಲಸ ಬೇಗ ಆಗುತ್ತದೆ, ಕೆಳಗೆ ಟ್ರಾಫಿಕ್ ನಿಲ್ಲಿಸಬೇಕಿಲ್ಲ. ನಮ್ಮಂಥ ಊರಿಗೆ ಸರಿಯಾದ ವಿಧಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ತುಂಡುಗಳನ್ನು ಹಿಡಿದಿರುವುದು ಕೇಬಲ್ ಮಾತ್ರ.

ಪೀಣ್ಯದ ತೊಂದರೆ ಗೊತ್ತಾದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರನ್ನು ಕೇಳಿದರು. ಅಲ್ಲಿರುವುದು 120 ಅಂಕಣ, ಅಂದರೆ ಕಂಬದಿಂದ ಕಂಬದವರೆಗಿನ ತುಂಡು. ಒಂದೊಂದಕ್ಕೆ ಎರಡು ಹೊಸ ಕೇಬಲ್, ಒಟ್ಟು 240. ಅದು ಮುಗಿದು, 2024ರ ಜನವರಿಯಲ್ಲಿ ಮೂರು ದಿನ ಸೇತುವೆ ಪೂರ್ತಿ ಮುಚ್ಚಿ, ಭಾರ ತುಂಬಿದ ಲಾರಿಗಳನ್ನು ನಿಲ್ಲಿಸಿ ಎಷ್ಟು ಬಗ್ಗುತ್ತದೆ ಅಂತ ಅಳೆದರು. ಆಮೇಲೂ ಆರು ತಿಂಗಳು ಕಾದೆವು. ಹಳೆಯ ಕೇಬಲ್‌ಗಳನ್ನು ಹಂತ ಹಂತವಾಗಿ ಬದಲಿಸುವ ಮಾತು ಬೇರೆ. ಅವು 1,200. ಇಲ್ಲಿ ಕೇಬಲ್ ಪೆಟ್ಟಿಗೆಯ ಟೊಳ್ಳಿನಲ್ಲಿ ಹಾಯುವುದರಿಂದ ಬದಲಿಸಲು ಆಗುತ್ತದಲ್ಲ ಅನ್ನುವುದೇ ಒಂದು ಸಮಾಧಾನ. ಕಾಂಕ್ರೀಟಿನ ಗೋಡೆಯೊಳಗೇ ಹೂತು ಗ್ರೌಟ್ ಹಾಕಿದ ಕೇಬಲ್ ಆದರೆ ಹೊರಗೆ ತೆಗೆಯುವ ಮಾತೇ ಇಲ್ಲ.

ತಪ್ಪು ಯಾರದ್ದು ಅಂತ ಟೀ ಅಂಗಡಿಯಲ್ಲಿ ಈಗಲೂ ಜಗಳ ಆಗುತ್ತದೆ. ನಕ್ಷೆ ಬರೆದವರ ಹತ್ತಿರ ನಕ್ಷೆ ಸರಿಯಿದ್ದ ಫೈಲ್ ಇರುತ್ತದೆ. ಕಟ್ಟಿದವರ ಹತ್ತಿರ ಕೆಲಸ ಮುಗಿದ ಸರ್ಟಿಫಿಕೇಟ್. ಮೇಲ್ವಿಚಾರಣೆ ಮಾಡಿದವರ ಹತ್ತಿರ ಸಹಿ. ನಿರ್ವಹಣೆಯವರ ಹತ್ತಿರ ತಪಾಸಣೆಯ ಪಟ್ಟಿ. ಎಲ್ಲ ಫೈಲೂ ಸರಿ, ಕೇಬಲ್ ಮಾತ್ರ ತುಕ್ಕು. ದೇಶದ ಸೇತುವೆಗಳನ್ನೆಲ್ಲ ಎಣಿಸಿ ಅವುಗಳ ಸ್ಥಿತಿಗತಿ ಬರೆದಿಡಲು ಕೇಂದ್ರ ಸರ್ಕಾರ ಒಂದು ವ್ಯವಸ್ಥೆ ಶುರು ಮಾಡಿದ್ದೇ 2016ರಲ್ಲಿ. ಅಷ್ಟರಲ್ಲಿ ನಮ್ಮ ಫ್ಲೈಓವರ್‌ಗೆ ಆರು ವರ್ಷ ತುಂಬಿತ್ತು.

ಎಲ್ಲ ಸಮಸ್ಯೆಯೂ ಕೇಬಲ್‌ನದ್ದೇ ಅಲ್ಲ, ಅದನ್ನೂ ಹೇಳಬೇಕು. 2018ರ ಡಿಸೆಂಬರ್‌ನಲ್ಲಿ ಟ್ರಿನಿಟಿ ಮೆಟ್ರೊ ನಿಲ್ದಾಣದ ಹತ್ತಿರ 155ನೇ ಕಂಬದ ಮೇಲಿನ ತೊಲೆಯಲ್ಲಿ 'ಹನಿಕೋಂಬ್' ಸಿಕ್ಕಿತು. ಮೇಸ್ತ್ರಿಗಳಿಗೆ ಚೆನ್ನಾಗಿ ಗೊತ್ತಿರುವ ಪದ. ಕಂಬಿ ದಟ್ಟವಾಗಿದ್ದ ಕಡೆ ವೈಬ್ರೇಟರ್ ಸರಿಯಾಗಿ ಆಡದೆ, ಜಲ್ಲಿ ನಡುವೆ ಜೇನುಗೂಡಿನ ಹಾಗೆ ತೂತು ಉಳಿಯುವುದು. ಕೆಲವು ದಿನ ರೈಲು ನಿಲ್ಲಿಸಿ ಸರಿಮಾಡಿದರು. ನೋಡಿದವರು ಇದ್ದರು, ಸಿಕ್ಕಿತು, ಅಷ್ಟೇ.

ಪಾರ್ಕಿಂಗ್ ಕಟ್ಟಡಗಳ ಕಡೆ ಇನ್ನೂ ಯಾರ ಕಣ್ಣೂ ಬಿದ್ದಿಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ 1965ರ ಒಂದು ಪಾರ್ಕಿಂಗ್ ಕಟ್ಟಡದ ಮೇಲಿನ ಮಹಡಿ 1997ರ ಮಾರ್ಚ್ 20ರ ನಡುರಾತ್ರಿ ಕುಸಿಯಿತು. ಕಂಬದ ತಲೆ ಸ್ಲ್ಯಾಬನ್ನು ತೂರಿಕೊಂಡು ಮೇಲೆ ಬಂದಂತಾಯಿತು. ಸೋರಿ ಸೋರಿ ಕಂಬದ ಸುತ್ತಲಿನ ಕಾಂಕ್ರೀಟ್ ಪುಡಿಯಾಗಿತ್ತು, ಅದರ ಮೇಲೆ ತೇಪೆ ಹಾಕಿದ್ದರು. ರಾತ್ರಿಯಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಸೇತುವೆಗೆ ಗಾಳಿ ಬಿಸಿಲಾದರೂ ತಾಕುತ್ತದೆ. ನಮ್ಮ ಬೇಸ್‌ಮೆಂಟ್‌ಗಳಿಗೆ ಅದೂ ಇಲ್ಲ. ಸೀಲಿಂಗಿನಲ್ಲಿ ಬಿಳಿ ಉಪ್ಪಿನ ಗೆರೆ ಇಳಿದಿದ್ದರೆ ಅದರ ಕೆಳಗೆ ಕಾರು ನಿಲ್ಲಿಸುವುದಿಲ್ಲ, ಬಣ್ಣ ಹಾಳಾಗುತ್ತದೆ ಅಂತ. ಸ್ಲ್ಯಾಬಿಗೆ ಏನಾಗುತ್ತಿದೆ ಅಂತ ಕೇಳುವವರು ಕಮ್ಮಿ.

ಪೀಣ್ಯದಲ್ಲಿ 2024ರಲ್ಲಿ ಲಾರಿಗಳನ್ನು ಬಿಡುವಾಗ ಒಂದು ಷರತ್ತು ಹಾಕಿದರು. ಶುಕ್ರವಾರ ಬೆಳಿಗ್ಗೆ ಆರರಿಂದ ಶನಿವಾರ ಬೆಳಿಗ್ಗೆ ಆರರವರೆಗೆ ದೊಡ್ಡ ವಾಹನ ಮೇಲೆ ಹತ್ತುವ ಹಾಗಿಲ್ಲ. ಆ ಹೊತ್ತಿನಲ್ಲಿ ತಪಾಸಣೆ, ನಿರ್ವಹಣೆ. ಕೆಳಗೆ ಮತ್ತೆ ಲಾರಿ ಸಾಲು, ಮತ್ತೆ ಹಾರ್ನ್. ಮೊದಮೊದಲು ನಾನೂ ಬೈದುಕೊಂಡೆ. ಈಗ ಶುಕ್ರವಾರ ಅರ್ಧ ಗಂಟೆ ಮೊದಲೇ ಮನೆ ಬಿಡುತ್ತೇನೆ. ಮೇಲೆ ಯಾರೋ ಟಾರ್ಚ್ ಹಿಡಿದು ಸೇತುವೆಯ ಹೊಟ್ಟೆಯೊಳಗೆ ಕೇಬಲ್ ನೋಡುತ್ತಿರಬಹುದು, ನೋಡಲಿ.